ಗೊತ್ತಿರುವ ರಸ್ತೆ, ಗೊತ್ತಿಲ್ಲದ ನೀರು

ಖಾನಾಪುರದಿಂದ ಹೆಮ್ಮಡಗಾ ಮೇಲೆ ಅನಮೋಡಕ್ಕೆ, ಅಲ್ಲಿಂದ ಗೋವೆಗೆ ಹೋಗುವ ರಸ್ತೆಗೆ ಮಂತುರ್ಗಾ ಹತ್ತಿರ ಹಾಲತ್ರಿ ಹಳ್ಳ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಆ ದಾರಿಯಲ್ಲಿ ಹೋದವರಿಗೆ ಹಳ್ಳ ದಾಟಿದ ನೆನಪೂ ಉಳಿಯುವುದಿಲ್ಲ. ಆಷಾಢ ಶ್ರಾವಣದಲ್ಲಿ ಅದೇ ಹಳ್ಳ ಪತ್ರಿಕೆಯ ಜಿಲ್ಲಾ ಪುಟಕ್ಕೆ ಬರುತ್ತದೆ: ಸೇತುವೆ ಮುಳುಗಡೆ, ಸಂಚಾರ ಸ್ಥಗಿತ. ಅಂಥ ದಿನ ಅಲ್ಲಿ ಕಾಣುವ ನೋಟ ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದೇ. ಎರಡೂ ದಂಡೆಯಲ್ಲಿ ವಾಹನಗಳ ಸಾಲು. ಕಾಡಿನ ಎಲೆ, ಕಡ್ಡಿ, ಕೆಮ್ಮಣ್ಣು ಹೊತ್ತ ನೀರು ಸೇತುವೆಯ ಮೇಲೆ ಹಾಯುತ್ತಿದೆ. ಯಾರೋ ಒಬ್ಬರು ಪ್ಯಾಂಟು ಮಡಚಿ ನಾಲ್ಕು ಹೆಜ್ಜೆ ಇಳಿದು, ಹಿಂದಿರುಗಿ, ‘ಮೊಣಕಾಲ ಮಟ್ಟ ಐತ್ರಿ’ ಎನ್ನುತ್ತಾರೆ. ಹಿಂದೆ ನಿಂತ ಕಾರಿನಿಂದ ಇನ್ನೊಬ್ಬರು ತಲೆ ಹೊರಹಾಕಿ, ‘ದಿನಾ ಓಡಾಡೂ ರಸ್ತಾನ ಅಲ್ಲೇನ್ರಿ, ನಡೀರಿ’ ಎನ್ನುತ್ತಾರೆ. ಈ ಉಪನ್ಯಾಸಕ್ಕೆ ಆ ಎರಡನೆಯ ಮಾತೇ ವಸ್ತು.

ದತ್ತಿ ಉಪನ್ಯಾಸಕ್ಕೆ ಇದೆಂಥ ವಿಷಯ ಎಂದು ಸಭೆಯಲ್ಲಿ ಯಾರಿಗಾದರೂ ಅನ್ನಿಸಿದ್ದರೆ ತಪ್ಪಿಲ್ಲ. ವಚನ, ಏಕೀಕರಣ, ಕಿತ್ತೂರಿನ ಚೆನ್ನಮ್ಮ, 1924ರ ಕಾಂಗ್ರೆಸ್ ಅಧಿವೇಶನ: ಬೆಳಗಾವಿಯ ವೇದಿಕೆಗಳಿಗೆ ವಿಷಯದ ಬರ ಎಂದೂ ಬಂದಿಲ್ಲ. ಆದರೆ ಮಿರಗದ ಮಳೆ ಹಿಡಿದ ದಿನದಿಂದ ಈ ಊರಿನ ಮನೆಮನೆಯಲ್ಲಿ ಸಂಜೆಯ ಹೊತ್ತು ಕೇಳುವ ಮೊದಲ ಪ್ರಶ್ನೆ, ‘ಯಾವ ರಸ್ತೆ ಮ್ಯಾಲೆ ಬಂದ್ರಿ?’ ಎಂಬುದು. ಅಷ್ಟು ಜನ ಕೇಳುವ ಪ್ರಶ್ನೆಗೆ ಒಂದು ಸಂಜೆ ಕೊಟ್ಟರೆ ದತ್ತಿ ಇಟ್ಟವರೇನೂ ಬೇಸರಪಡಲಾರರು.

ನೀರು ನಿಂತ ರಸ್ತೆಗೆ ಗಾಡಿ ಇಳಿಸುವವರೆಲ್ಲ ಹುಂಬರೇನಲ್ಲ. ಬಹುಪಾಲು ಜನ ಎಚ್ಚರಿಕೆಯ ಚಾಲಕರೇ. ಅವರ ತಪ್ಪು ಬೇರೆ ಕಡೆ ಇದೆ. ಅವರು ನೀರನ್ನು ನೋಡುವಾಗ ನೀರನ್ನು ನೋಡುವುದಿಲ್ಲ, ಅದರ ಕೆಳಗಿನ ರಸ್ತೆಯನ್ನು ನೆನೆಯುತ್ತಾರೆ. ನಿನ್ನೆ ಸಂಜೆ ಅಲ್ಲಿ ಡಾಂಬರಿತ್ತು, ಎಡಕ್ಕೊಂದು ಗುಂಡಿ, ಬಲಕ್ಕೆ ಪಾನ್ ಅಂಗಡಿ. ಆ ಚಿತ್ರ ಮನಸ್ಸಿನಲ್ಲಿ ಎಷ್ಟು ಸ್ಪಷ್ಟವೆಂದರೆ ಇವತ್ತಿನ ನೀರು ಅದರ ಮೇಲೆ ಹೊದಿಸಿದ ತೆಳು ಬಟ್ಟೆಯ ಹಾಗೆ ಕಾಣುತ್ತದೆ. ಊರಿಗೆ ಹೊಸಬರಾದವರಿಗೆ ನೆನಪಿನ ಜಾಗದಲ್ಲಿ ಫೋನಿನ ನಕ್ಷೆ ಇರುತ್ತದೆ. ನೆನಪಾಗಲಿ ನಕ್ಷೆಯಾಗಲಿ ರಸ್ತೆಯ ಬಗ್ಗೆ ಹೇಳಬಲ್ಲವು. ಈ ಗಳಿಗೆಯ ನೀರಿನ ಬಗ್ಗೆ ಎರಡಕ್ಕೂ ಏನೂ ತಿಳಿಯದು. 2023ರ ಅಕ್ಟೋಬರ್ 1ರ ನಡುರಾತ್ರಿ ಕೊಚ್ಚಿಯ ಹತ್ತಿರ ಗೋತುರುತ್‌ನಲ್ಲಿ ಜೋರು ಮಳೆಯೊಳಗೆ ಹೋಗುತ್ತಿದ್ದ ಕಾರೊಂದು ನೇರ ಪೆರಿಯಾರ್ ನದಿಗೆ ಇಳಿಯಿತು. ಅದರಲ್ಲಿದ್ದ ಇಬ್ಬರು ಯುವ ವೈದ್ಯರು ಸತ್ತರು. ನಕ್ಷೆ ನೋಡುತ್ತ ಬಂದವರಿಗೆ ಎದುರಿಗಿದ್ದ ನದಿ ನೀರು ನಿಂತ ರಸ್ತೆಯಂತೆ ಕಂಡಿತ್ತು ಎಂದು ಆಗ ವರದಿಯಾಯಿತು.

ಕರ್ನಾಟಕ ಮರೆಯಬಾರದ ಘಟನೆ ಅದೇ ವರ್ಷದ ಮೇ 21ರದು. ಭಾನುವಾರ, ಮಧ್ಯಾಹ್ನ ಕಳೆದ ಹೊತ್ತು, ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆ. ವಿಧಾನಸೌಧ ಅಲ್ಲಿಂದ ಕಾಲ್ನಡಿಗೆಯ ದೂರ. ಹೊಸ ಮುಖ್ಯಮಂತ್ರಿ ಪ್ರಮಾಣವಚನ ಸ್ವೀಕರಿಸಿ ಒಂದೇ ದಿನವಾಗಿತ್ತು. ಆಂಧ್ರದಿಂದ ಬಂದಿದ್ದ ಕುಟುಂಬವೊಂದು ಬಾಡಿಗೆ ಕಾರಿನಲ್ಲಿ ಊರು ನೋಡಲು ಹೊರಟಿತ್ತು. ಗಾಳಿ, ಆಲಿಕಲ್ಲು, ಮಳೆ. ಕೆಳಸೇತುವೆಯ ಬಾಯಿಗೆ ಇಟ್ಟಿದ್ದ ಅಡ್ಡಗಟ್ಟು ಗಾಳಿಗೆ ಉರುಳಿ ಬಿದ್ದಿತ್ತು. ಕಾರು ಇಳಿಯಿತು, ನಡುವೆ ನಿಂತಿತು, ನೀರು ಏರಿತು. ಅಗ್ನಿಶಾಮಕ ಸಿಬ್ಬಂದಿ ಮತ್ತು ದಾರಿಹೋಕರು ಸೇರಿ ಉಳಿದವರನ್ನು ಎಳೆದು ತಂದರು. ಇಪ್ಪತ್ತರ ಹರೆಯದ, ಮಾಹಿತಿ ತಂತ್ರಜ್ಞಾನ ಕಂಪನಿಯ ಉದ್ಯೋಗಿಯಾಗಿದ್ದ ಯುವತಿ ಬದುಕಲಿಲ್ಲ. ರಾಜ್ಯದ ರಾಜಧಾನಿಯ ನಟ್ಟನಡುವೆ, ಹಗಲು ಹೊತ್ತಿನಲ್ಲಿ, ಹೊಳೆಯಿಲ್ಲ, ಕೆರೆಯಿಲ್ಲ. ಒಬ್ಬರು ಸತ್ತದ್ದು ಮುಳುಗಿ.

ಅಪಘಾತದ ನಂತರ ಪರಿಹಾರ ಘೋಷಣೆಯಾಯಿತು, ಚಾಲಕನ ಮೇಲೆ ಪ್ರಕರಣ ದಾಖಲಾಯಿತು, ನಗರದ ಕೆಳಸೇತುವೆಗಳನ್ನೆಲ್ಲ ಪರಿಶೀಲಿಸುವ ಆದೇಶ ಹೊರಟಿತು. ಚಾಲಕ ಇಳಿಸಬಾರದಿತ್ತು ಎನ್ನುವುದು ಸುಲಭ. ಆದರೆ ಅಡ್ಡಗಟ್ಟು ಬಿದ್ದ ಮೇಲೆ ಅವನ ಕಣ್ಣೆದುರು ಇದ್ದದ್ದೇನು? ಬೂದು ಬಣ್ಣದ ಒಂದು ನೀರಿನ ಹಾಳೆ. ಅದು ಒಂದು ಗೇಣೋ ಒಂದು ಆಳೋ ಎಂದು ಹೇಳುವ ಒಂದು ಗೆರೆಯೂ ಅವನಿಗೆ ಆಸರೆಯಾಗಿರಲಿಲ್ಲ. ಕೆಳಸೇತುವೆಯ ನೀರಿನ ಮೋಸವೇ ಇದು. ಮೇಲ್ಮೈ ಸಮತಟ್ಟು, ತಳ ಇಳಿಜಾರು. ಮೊದಲ ಹತ್ತು ಮೀಟರ್ ಗಾಲಿ ನೆನೆಯುವಷ್ಟೇ ನೀರು ಸಿಕ್ಕವನು ಮುಂದಿನ ಹತ್ತು ಮೀಟರೂ ಹಾಗೇ ಎಂದುಕೊಳ್ಳುತ್ತಾನೆ.

ಕಾರು ಏಕೆ ತೇಲುತ್ತದೆ? ಇದನ್ನು ಹೈಸ್ಕೂಲಿನ ಲೆಕ್ಕದಲ್ಲೇ ಮಾಡಿ ನೋಡಬಹುದು. ಉಪನ್ಯಾಸದಲ್ಲಿ ಲೆಕ್ಕ ಬೇಸರ, ಆದರೂ ಇದು ಒಂದು ಸಲ ಮಾಡಬೇಕಾದ ಲೆಕ್ಕ. ಮಾರುತಿ ಆಲ್ಟೊದಂಥ ಸಣ್ಣ ಕಾರಿನ ಉದ್ದ ಸುಮಾರು ಮೂರೂವರೆ ಮೀಟರ್, ಅಗಲ ಒಂದೂವರೆ. ಅಂದರೆ ತಳದ ವಿಸ್ತೀರ್ಣ ಹೆಚ್ಚುಕಡಿಮೆ 5 ಚದರ ಮೀಟರ್. ತೂಕ 750 ಕೆ.ಜಿ. ಆಸುಪಾಸು. ನೆಲದಿಂದ ತಳಕ್ಕೆ 16 ಸೆಂ.ಮೀ. ಅಂತರ. ನೀರು ಆ 16 ಸೆಂ.ಮೀ. ದಾಟಿ ಇನ್ನು 15 ಸೆಂ.ಮೀ. ಏರಿತು ಎನ್ನಿ. ಆಗ ಕಾರು ಪಕ್ಕಕ್ಕೆ ಸರಿಸಿದ ನೀರು 5 ಗುಣಿಸು 0.15, ಅಂದರೆ ಮುಕ್ಕಾಲು ಘನ ಮೀಟರ್. ಅದರ ತೂಕ 750 ಕೆ.ಜಿ. ಕಾರಿನ ತೂಕಕ್ಕೆ ಸರಿಸಮ. ಆರ್ಕಿಮಿಡೀಸ್ ಹೇಳಿದಂತೆ ಗಾಲಿಗೂ ನೆಲಕ್ಕೂ ಇನ್ನು ಸಂಬಂಧವಿಲ್ಲ. ಒಟ್ಟು ಆಳ ಎಷ್ಟಾಯಿತು? 31 ಸೆಂ.ಮೀ., ಒಂದು ಅಡಿ. ಬಾಗಿಲ ಸಂದಿಯಿಂದ ನೀರು ಒಳಗೆ ನುಗ್ಗಿ ಕಾರು ಮತ್ತೆ ಕೂರುತ್ತದೆ, ನಿಜ. ಅಷ್ಟರೊಳಗೆ ಅದು ಎಲ್ಲಿ ಹೋಗಿ ಕೂರುತ್ತದೆ ಎಂಬುದು ನೀರಿನ ಇಷ್ಟ.

ಪೂರ್ತಿ ತೇಲಬೇಕೆಂದೂ ಇಲ್ಲ. ಅರ್ಧ ತೇಲಿದರೂ ಗಾಲಿಯ ಹಿಡಿತ ಅರ್ಧವಾಗುತ್ತದೆ. ಆ ಹೊತ್ತಿಗೆ ನೀರು ಪಕ್ಕದಿಂದ ತಳ್ಳುತ್ತಿರುತ್ತದೆ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು, ಎಂದರೆ ನಿಧಾನ ನಡಿಗೆಯ ವೇಗದ ನೀರು, ಇಂಥ ಕಾರಿನ ಪಕ್ಕಕ್ಕೆ ಕೊಡುವ ದೂಡು ಸುಮಾರು 60 ಕೆ.ಜಿ.ಯಷ್ಟಿರಬಹುದು. ವೇಗ ಎರಡರಷ್ಟಾದರೆ ದೂಡು ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ: 250 ಕೆ.ಜಿ. ಹತ್ತಿರ. ಇಷ್ಟು ವ್ಯತ್ಯಾಸ ದಂಡೆಯಲ್ಲಿ ನಿಂತವರ ಕಣ್ಣಿಗೆ ಬೀಳುವುದು ‘ಸ್ವಲ್ಪ ಸೆಳವು ಜಾಸ್ತಿ ಐತಿ’ ಎಂಬಷ್ಟೇ. ಅಮೆರಿಕದ ಹವಾಮಾನ ಸೇವೆ ಜನರಿಗೆ ಹೇಳುವ ಅಂಕಿಗಳು ಇದಕ್ಕೆ ಹೊಂದುತ್ತವೆ: ಹರಿಯುವ ನೀರು 15 ಸೆಂ.ಮೀ. ಇದ್ದರೆ ಬೆಳೆದ ಮನುಷ್ಯನ ಕಾಲು ತಪ್ಪಿಸುತ್ತದೆ, ಒಂದು ಅಡಿ ಇದ್ದರೆ ಬಹಳಷ್ಟು ಕಾರುಗಳನ್ನು ಒಯ್ಯುತ್ತದೆ, ಎರಡು ಅಡಿ ಇದ್ದರೆ ಜೀಪು, ಪಿಕಪ್‌ಗಳನ್ನೂ ಬಿಡುವುದಿಲ್ಲ. ಆ ದೇಶದಲ್ಲಿ ಪ್ರವಾಹಕ್ಕೆ ಸಿಕ್ಕಿ ಮುಳುಗಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾಹನವನ್ನು ನೀರಿಗೆ ಇಳಿಸಿದವರು. ಹಾಲತ್ರಿಯ ದಂಡೆಯ ಆ ‘ಮೊಣಕಾಲ ಮಟ್ಟ’ ಎಂದರೆ ಒಂದೂವರೆ ಅಡಿ.

ದ್ವಿಚಕ್ರದವರ ಲೆಕ್ಕ ಇದಕ್ಕಿಂತ ಚಿಕ್ಕದು, ಫಲಿತಾಂಶ ಇನ್ನೂ ಬೇಗ. 2022ರ ಜೂನ್‌ನಲ್ಲಿ ಬೆಂಗಳೂರಿನ ಕೆ.ಆರ್. ಪುರದಲ್ಲಿ ನೀರಿನ ಸೆಳವಿಗೆ ಜಾರುತ್ತಿದ್ದ ತನ್ನ ಬೈಕನ್ನು ಹಿಡಿಯಲು ಹೋದ ಶಿವಮೊಗ್ಗ ಕಡೆಯ ಯುವಕನೊಬ್ಬ ಬೈಕಿನ ಜೊತೆ ಕಾಲುವೆ ಸೇರಿದ. ಗಾಡಿ ಬಿಟ್ಟಿದ್ದರೆ ಬದುಕುತ್ತಿದ್ದ. ಸಾಲ ಮಾಡಿ ಕೊಂಡ ಗಾಡಿಯನ್ನು ಕಣ್ಣೆದುರೇ ಬಿಟ್ಟುಬಿಡುವುದು ಎಷ್ಟು ಕಷ್ಟವೆಂದು ಕಂತು ಕಟ್ಟುವವರಿಗೆ ಗೊತ್ತು.

ಈಗ ಬೆಳಗಾವಿ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಊರು, ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಇಂಥ ಊರಿನ ರಸ್ತೆ ಮುಳುಗುವುದೇ ಹೊರಗಿನವರಿಗೆ ಸೋಜಿಗ. ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ ಬೀಳುವ ಊರಿದು. ಇದೇ ಜಿಲ್ಲೆಯ ಅಥಣಿ, ರಾಮದುರ್ಗಗಳಲ್ಲಿ ಇದರ ಅರ್ಧವೂ ಬೀಳುವುದಿಲ್ಲ. ಬಿದ್ದ ನೀರಿಗೆ ಹಿಂದೆ ಎರಡು ದಾರಿ ಇತ್ತು. ಒಂದು, ಯಳ್ಳೂರು, ವಡಗಾವಿ, ಶಹಾಪುರ, ಅನಗೋಳದ ಗದ್ದೆಗಳು. ಬೆಳಗಾವಿ ಬಾಸಮತಿಯ ಘಮ ಹುಟ್ಟಿದ್ದು ಅಲ್ಲೇ. ಆ ಭತ್ತಕ್ಕೆ ನಿಲ್ಲುವ ನೀರು ಬೇಕಿತ್ತು, ಊರಿಗೆ ನೀರು ನಿಲ್ಲುವ ಜಾಗ ಬೇಕಿತ್ತು, ಇಬ್ಬರ ಸಂಸಾರವೂ ಸಾಗುತ್ತಿತ್ತು. ಇನ್ನೊಂದು, ಬಳ್ಳಾರಿ ನಾಲಾ. ಹೆಸರಿಗೂ ಬಳ್ಳಾರಿ ಜಿಲ್ಲೆಗೂ ನಂಟಿಲ್ಲ. ನಗರದ ದಕ್ಷಿಣದ ಗದ್ದೆಗಳಿಂದ ಹೊರಟು ಹಲಗಾ ಕಡೆ ಹೆದ್ದಾರಿಯ ಕೆಳಗೆ ಹಾದು ಘಟಪ್ರಭೆಯ ಜಲಾನಯನ ಸೇರುವ ಹಳ್ಳ ಇದು.

ಗದ್ದೆಗಳ ಮೇಲೆ ಬಡಾವಣೆಗಳು ಎದ್ದವು. ನಾಲಾದಲ್ಲಿ ಹೂಳು, ಜಲಕಳೆ ತುಂಬಿದವು. ಹೂಳು ತೆಗೆಸಿ ಎಂಬ ರೈತರ ಮನವಿ ಮಿರಗದ ಮಳೆಯಷ್ಟೇ ನಿಯತವಾಗಿ ಪ್ರತಿ ವರ್ಷ ಬರುತ್ತದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ 20 ನಗರಗಳಲ್ಲಿ ಬೆಳಗಾವಿಯೂ ಸೇರಿತು. ರಸ್ತೆಗಳು ಕಾಂಕ್ರೀಟಾದವು, ಓಡಾಟ ಹಗುರವಾಯಿತು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಕಾಂಕ್ರೀಟು ನೀರು ಕುಡಿಯುವುದಿಲ್ಲ. ಹಿಂದೆ ಮಣ್ಣಿನ ಅಂಚಿನಲ್ಲಿ ಅರ್ಧ ಇಂಗಿ ಅರ್ಧ ಹರಿಯುತ್ತಿದ್ದ ಮಳೆ ಈಗ ಪೂರ್ತಿಯಾಗಿ, ಒಮ್ಮೆಲೇ, ತಗ್ಗಿನ ಕಡೆ ಓಡುತ್ತದೆ. ಮರಾಠಾ ಕಾಲೋನಿ, ನಾನಾವಾಡಿ, ವಡಗಾವಿಯ ತಗ್ಗಿನ ಮನೆಗಳವರು ಇದನ್ನು ಯಾವ ತಜ್ಞರಿಂದಲೂ ಕಲಿಯಬೇಕಿಲ್ಲ.

2019ರ ಆಗಸ್ಟ್ ಮೊದಲ ವಾರ ಈ ನಾಲಾ ತನ್ನ ಪೂರ್ತಿ ಅಳತೆಯನ್ನು ತೋರಿಸಿತು. ಬೆಳಗಾವಿ ಹೊರವಲಯದ ಕಬಲಾಪುರದಲ್ಲಿ ಒಂದು ದಂಪತಿಯ ಮನೆಯ ಸುತ್ತ ಬಳ್ಳಾರಿ ನಾಲಾ ಸಮುದ್ರವಾಯಿತು. ಮಾಡು, ಮರ ಹಿಡಿದು ಎರಡು ದಿನ ದಾಟಿ ಅವರು ಕಾದರು. ರಕ್ಷಣೆಗೆ ಹೊರಟ ದೋಣಿಯೇ ಒಮ್ಮೆ ಮಗುಚಿತು. ಕೊನೆಗೆ ಸೈನ್ಯ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ತಂಡಗಳು ಅವರನ್ನು ತಂದವು. ವರ್ಷದ ಹೆಚ್ಚಿನ ದಿನ ಕುರಿ ಕಾಯುವ ಹುಡುಗ ಜಿಗಿದು ದಾಟುವ ನಾಲಾ ಅದು. ಅದೇ ವಾರ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಹತ್ತಿ ಕುಳಿತಳು. 2021ರ ಜುಲೈನಲ್ಲಿ ಮತ್ತೆ ಹಾಗೇ ಆಯಿತು. ನಾಲ್ಕು ಪಥದ ಹೆದ್ದಾರಿಗೆ ಆದದ್ದು ಗಲ್ಲಿಗೆ ಆಗುವುದಿಲ್ಲ ಎನ್ನಲು ಕಾರಣವಿಲ್ಲ.

ನಗರದ ನೀರಿಗೆ ಹಳ್ಳದ ನೀರಿಗಿಲ್ಲದ ಎರಡು ಗುಣಗಳಿವೆ. ಅದು ತೆರೆದ ಚರಂಡಿಯನ್ನೂ ರಸ್ತೆಯನ್ನೂ ಒಂದೇ ಬಣ್ಣ ಮಾಡುತ್ತದೆ. 2017ರ ಆಗಸ್ಟ್ 29ರ ಮಳೆಯಲ್ಲಿ ಮುಂಬೈನ ಹೆಸರಾಂತ ವೈದ್ಯರೊಬ್ಬರು ನೀರಲ್ಲಿ ಕೆಟ್ಟು ನಿಂತ ಕಾರು ಬಿಟ್ಟು, ಕೊಡೆ ಹಿಡಿದು ಮನೆಯ ಕಡೆ ನಡೆದವರು ತೆರೆದಿದ್ದ ಮ್ಯಾನ್‌ಹೋಲ್‌ಗೆ ಬಿದ್ದು ಹೋದರು. ಕಾರು ಬಿಟ್ಟರೆ ಅಪಾಯ ಮುಗಿಯಿತು ಎಂದುಕೊಳ್ಳುವಂತಿಲ್ಲ. ಎರಡನೆಯದು ವಿದ್ಯುತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ನೀರು ನಿಂತ ರಸ್ತೆಯಲ್ಲಿ ಸ್ಕೂಟರ್ ತಳ್ಳಿಕೊಂಡು ಹೋಗುತ್ತಿದ್ದ ಯುವತಿ ಆಸರೆಗೆಂದು ಕಂಬ ಮುಟ್ಟಿದಳು, ಅಷ್ಟೇ.

ಇನ್ನೊಂದು ಸಂಗತಿ, ಬೇರೆಯವರ ಬಗ್ಗೆ. ನೀರಲ್ಲಿ ಜೋರಾಗಿ ಹೋಗುವ ಗಾಡಿ ತನ್ನ ಮುಂದೆ ಅಲೆ ಎಬ್ಬಿಸುತ್ತದೆ. ತಗ್ಗಿನ ಅಂಗಡಿಯವರು ಬೈಯುವುದು ಇದಕ್ಕೇ. ಬೈಗುಳ ಎಷ್ಟು ದೂರ ಹೋಗಬಹುದೆಂದು 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕಂಡಿತು. ನೆಲಮಾಳಿಗೆಗೆ ನೀರು ನುಗ್ಗಿ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದ ಮೂವರು ಸತ್ತಾಗ, ಕಟ್ಟಡದ ಮುಂದೆ ಹಾದುಹೋದ ಕಾರಿನ ಅಲೆಯಿಂದ ಗೇಟು ಮುರಿಯಿತೆಂದು ಪೊಲೀಸರು ಅದರ ಚಾಲಕನನ್ನೂ ಬಂಧಿಸಿದ್ದರು. ಆಮೇಲೆ ಜಾಮೀನು ಸಿಕ್ಕಿತು. ನೆಲಮಾಳಿಗೆಯಲ್ಲಿ ಓದುವ ಕೋಣೆ ಇಟ್ಟದ್ದೇ ದೊಡ್ಡ ತಪ್ಪು, ಚಾಲಕನ ಬಂಧನ ಅತಿಯಾಯಿತು ಎಂಬುದು ಈ ಉಪನ್ಯಾಸಕಾರರ ಅಭಿಪ್ರಾಯ. ಅಲೆ ಸುಳ್ಳಲ್ಲ.

ಖಾನಾಪುರದ ನೀರಿನ ಕಥೆ ಬೇರೆ. ಮಲಪ್ರಭೆ ಹುಟ್ಟುವುದು ಈ ತಾಲ್ಲೂಕಿನ ಕಣಕುಂಬಿಯಲ್ಲಿ, ಸುಮಾರು 792 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಬಿದ್ದ ಹನಿ ಮಹದಾಯಿ ಸೇರಿ ಅರಬ್ಬಿ ಸಮುದ್ರಕ್ಕೆ, ಪೂರ್ವಕ್ಕೆ ಬಿದ್ದದ್ದು ಮಲಪ್ರಭೆಯಾಗಿ ಕೂಡಲಸಂಗಮದ ದಾರಿ ಹಿಡಿದು ಕೃಷ್ಣೆಗೆ. ಹಬ್ಬನಹಟ್ಟಿಯ ಆಂಜನೇಯನ ಗುಡಿ ನದಿಯಲ್ಲಿ ಮುಳುಗಿತೆಂದರೆ ಮಳೆಗಾಲ ಕೂಡಿತೆಂದೇ ಜನರ ಲೆಕ್ಕ. ತಾಲ್ಲೂಕಿನ ಅಂಚಿನ ಆಮಗಾಂವ್‌ನಲ್ಲಿ 2010ರಲ್ಲಿ 10,000 ಮಿ.ಮೀ. ದಾಟಿ ಮಳೆ ಸುರಿದಿತ್ತು. ಬೆಳಗಾವಿ ನಗರದ ಏಳು ವರ್ಷದ ಮಳೆ ಅಲ್ಲಿ ಒಂದೇ ವರ್ಷದಲ್ಲಿ.

ಇಂಥ ಕಡೆ ಹಳ್ಳ ಏರುವುದಕ್ಕೆ ನೆತ್ತಿಯ ಮೇಲೆ ಮಳೆಯೇ ಬೀಳಬೇಕಿಲ್ಲ. ಪೇಟೆಯಲ್ಲಿ ಬಿಸಿಲು ಬಿದ್ದಿರುತ್ತದೆ, ಘಟ್ಟದಂಚಿನಲ್ಲಿ ಎರಡು ತಾಸು ಹಿಡಿದು ಹೊಡೆದಿರುತ್ತದೆ. ಆ ನೀರು ಕೆಳಗಿನ ಸೇತುವೆಗೆ ತಲುಪುವ ಹೊತ್ತಿಗೆ ದಂಡೆಯಲ್ಲಿದ್ದವರು ‘ಮಳಿ ನಿಂತೈತಿ, ಇನ್ನೇನ ಇಳೀತೈತಿ’ ಎಂದು ಚಹಾ ಕುಡಿಯುತ್ತಿರುತ್ತಾರೆ. ಹಳ್ಳಿಯ ಹಿರಿಯರು ಇದನ್ನು ಆಕಾಶ ನೋಡಿ ತಿಳಿಯುತ್ತಿರಲಿಲ್ಲ, ನೀರು ನೋಡಿ ತಿಳಿಯುತ್ತಿದ್ದರು. ಬಣ್ಣ ಕೆಂಪಿಗೆ ತಿರುಗಿತೇ? ಹಸಿ ಎಲೆ, ಮುರಿದ ಟೊಂಗೆ ತೇಲಿ ಬರುತ್ತಿವೆಯೇ? ಸದ್ದು ಗಟ್ಟಿಯಾಯಿತೇ? ಎಲ್ಲಕ್ಕಿಂತ ಮುಖ್ಯವಾಗಿ, ಹಳ್ಳದ ನಡುವಿನ ಗುರುತಿನ ಕಲ್ಲು ಕಾಣುತ್ತಿದೆಯೇ? ಕಲ್ಲು ಮುಳುಗಿದ್ದರೆ ಎತ್ತು ಕೊಳ್ಳ ಹರಿದು ಗಾಡಿ ಅಲ್ಲೇ ನಿಲ್ಲುತ್ತಿತ್ತು. ಬೀಗರ ಮನೆಯ ಮದುವೆಯಾದರೂ ಸರಿ. ಎತ್ತಿಗೂ ಒಂದು ಮತವಿತ್ತು: ಕಾಲ ಕೆಳಗಿನ ನೆಲ ಸಡಿಲವಾದರೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ. ಎಂಜಿನ್‌ಗೆ ಅಂಥ ಮತವಿಲ್ಲ, ಹೇಳಿದತ್ತ ಹೋಗುತ್ತದೆ, ಗಾಳಿಯ ಕೊಳವೆಯಲ್ಲಿ ನೀರು ಹೀರುವ ತನಕ.

ಹೀರಿದ ಮೇಲೆ ಏನಾಗುತ್ತದೆಂಬುದನ್ನು ಯಾವ ಗ್ಯಾರೇಜಿನವರೂ ಹೇಳುತ್ತಾರೆ. ಸಿಲಿಂಡರಿನಲ್ಲಿ ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು. ಪಿಸ್ಟನ್ ಮೇಲೆ ಬರಲಾರದೆ ಕನೆಕ್ಟಿಂಗ್ ರಾಡ್ ಡೊಂಕಾಗುತ್ತದೆ. ನೀರಲ್ಲಿ ನಿಂತ ಗಾಡಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವವರು ಮಾಡುವುದು ಇದನ್ನೇ. ಎಂಜಿನ್ ರಕ್ಷಣೆಯ ಪ್ರತ್ಯೇಕ ಕಲಮು ಇಲ್ಲದ ವಿಮೆಯಲ್ಲಿ ಈ ಖರ್ಚು ಸಾಮಾನ್ಯವಾಗಿ ಮಾಲೀಕರ ತಲೆಗೇ ಬರುತ್ತದೆ.

ದಂಡೆಯಲ್ಲಿ ಕೇಳುವ ಮತ್ತೊಂದು ವಾದ ಬಸ್ಸಿನದು. ‘ಬಸ್ಸ ಹೋತಲ್ರಿ, ಅದರ ಹಿಂದನ ಹೋಗೂಣು.’ ಬಸ್ಸಿನ ತಳ ಎತ್ತರ, ತೂಕ ಹತ್ತಾರು ಪಟ್ಟು. ಬಸ್ಸಿಗೆ ಸಾಗಿದ ನೀರು ಕಾರಿಗೆ ಸಾಗಬೇಕಿಲ್ಲ. ಬಸ್ಸಿಗಾದರೂ ಸಾಗುತ್ತದೆ ಎನ್ನುವಂತಿಲ್ಲ. 2021ರ ಸೆಪ್ಟೆಂಬರ್ 28ರಂದು ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಉಮರಖೇಡ ಬಳಿ ದಹಾಗಾಂವ್ ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಸರ್ಕಾರಿ ಬಸ್ಸೊಂದು ದಾಟಲು ಹೋಯಿತು. ದಂಡೆಯ ಜನ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದಂತೆಯೇ ಬಸ್ಸು ಪಕ್ಕಕ್ಕೆ ಜಾರಿ ಹಳ್ಳಕ್ಕೆ ಉರುಳಿತು, ಜೀವಗಳು ಹೋದವು. ಸೇತುವೆಯೇ ಇಲ್ಲದಿರುವ ಸಾಧ್ಯತೆಯೂ ಇದೆ. 2016ರ ಆಗಸ್ಟ್ 2ರ ರಾತ್ರಿ ಮುಂಬೈ–ಗೋವಾ ಹೆದ್ದಾರಿಯ ಮಹಾಡ್‌ನಲ್ಲಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕೊಚ್ಚಿಹೋಗಿತ್ತು. ಕತ್ತಲಲ್ಲಿ ಬಂದ ಎರಡು ಬಸ್ಸುಗಳು ಇಲ್ಲದ ಸೇತುವೆಯ ಮೇಲೆ ಹೋದವು. ಕಾರವಾರದ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಾಗ ಲಾರಿಯ ಚಾಲಕ ಬದುಕಿ ಬಂದದ್ದು ಅವನ ಅದೃಷ್ಟ.

ಧೈರ್ಯವನ್ನು ಹೊಗಳುವಾಗ ಎಚ್ಚರ ತಪ್ಪುವ ಒಂದು ರೂಢಿಯ ಬಗ್ಗೆಯೂ ಹೇಳಬೇಕು. 2019ರ ಅದೇ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ಶವ ಸಾಗಿಸುತ್ತಿದ್ದ ಆಂಬುಲೆನ್ಸ್ ಕೃಷ್ಣೆಯ ನೀರಲ್ಲಿ ಮುಳುಗಿದ್ದ ಸೇತುವೆಯ ಮುಂದೆ ನಿಂತಿತ್ತು. ಸೇತುವೆಯ ಅಂಚು ಎಲ್ಲಿ ಎಂದು ಚಾಲಕನಿಗೆ ಕಾಣುತ್ತಿರಲಿಲ್ಲ. ಆ ಊರಿನ 12 ವರ್ಷದ ಹುಡುಗ ನೀರಿಗೆ ಇಳಿದು, ಸೊಂಟಮಟ್ಟದ ಸೆಳವಿನಲ್ಲಿ ಬೀಳುತ್ತ ಏಳುತ್ತ ಮುಂದೆ ಓಡಿದ. ಆಂಬುಲೆನ್ಸ್ ಅವನ ಹಿಂದೆ ಹೋಗಿ ದಾಟಿತು. ದೃಶ್ಯ ನಾಡೆಲ್ಲ ಹರಿದಾಡಿತು. ಹುಡುಗನಿಗೆ ಸ್ವಾತಂತ್ರ್ಯ ದಿನದಂದು ಜಿಲ್ಲಾಡಳಿತದ ಸನ್ಮಾನ, ಆಮೇಲೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಅವನಿಗೆ ಸಲ್ಲಬೇಕಾದದ್ದೇ. ಆದರೆ ಚಪ್ಪಾಳೆಯ ನಡುವೆ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಸೇತುವೆಯ ಎರಡು ಅಂಚಿಗೆ ನಾಲ್ಕು ಎತ್ತರದ ಕಂಬ ನೆಟ್ಟಿದ್ದರೆ ಮಾಡಬಹುದಾದ ಕೆಲಸವನ್ನು ಒಂದು ಮಗುವಿನ ಮೈ ಏಕೆ ಮಾಡಬೇಕಾಯಿತು?

‘ನೀರು ಕಂಡರೆ ಹಿಂದಿರುಗಿ’ ಎಂಬ ಬುದ್ಧಿಮಾತು ನಗರದವರಿಗೆ ಹೇಳಲು ಸರಿ. ವಡಗಾವಿಯವರಿಗೆ ಇನ್ನೊಂದು ರಸ್ತೆ ಇದೆ, ಟಿಳಕವಾಡಿಯವರಿಗೆ ಇನ್ನೆರಡಿವೆ. ಭೀಮಗಡ ಅರಣ್ಯದೊಳಗಿನ ಗವಾಳಿ, ಪಾಸ್ತೊಳಿ, ಕೊಂಗಳಾದ ಜನರಿಗೆ ಹಿಂದಿರುಗಿ ಹೋಗಲು ಬೇರೆ ದಾರಿಯೇ ಇಲ್ಲ. 2024ರ ಜುಲೈನಲ್ಲಿ ಆಮಗಾಂವ್‌ನ ಕಾಯಿಲೆಯ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆ ಕಟ್ಟಿದ ಡೋಲಿಯಲ್ಲಿ ಮಲಗಿಸಿ, ಮಳೆಯಲ್ಲಿ ಕಾಡು, ಹಳ್ಳ ದಾಟಿ ಹೊತ್ತು ತಂದು ಚಿಕಲೆಯಲ್ಲಿ ಆಂಬುಲೆನ್ಸ್‌ಗೆ ಏರಿಸಿದರು. ಅಂಥವರ ಮುಂದೆ ನಿಂತು ಸುರಕ್ಷತೆಯ ಪಾಠ ಹೇಳುವುದಕ್ಕೆ ನಾಚಿಕೆಯಾಗಬೇಕು. ಅವರಿಗೆ ಬೇಕಾದದ್ದು ಸೇತುವೆ. ಅರಣ್ಯ ಕಾಯ್ದೆಯೂ ಜನರ ಅಗತ್ಯವೂ ಎದುರಾಬದುರು ನಿಂತ ಆ ವಿವಾದ ಇನ್ನೊಂದು ಉಪನ್ಯಾಸದ ವಿಷಯ. ಇಲ್ಲಿ ಹೇಳುತ್ತಿರುವುದು ಜಲಪಾತ ನೋಡಲು ಶನಿವಾರ ಹೊರಡುವ, ಬೇರೆ ದಾರಿಯಿದ್ದೂ ಅರ್ಧ ತಾಸು ಉಳಿಸಲು ನೀರಿಗಿಳಿಯುವ ನಮ್ಮಂಥವರ ಬಗ್ಗೆ.

ಅಮೆರಿಕದ ಅರಿಜೋನಾ ರಾಜ್ಯ ಇಂಥವರಿಗೆಂದೇ 1995ರಲ್ಲಿ ಒಂದು ಕಾನೂನು ಮಾಡಿತು. ಅಡ್ಡಗಟ್ಟು ಸುತ್ತಿ ನೀರಿಗೆ ಗಾಡಿ ಇಳಿಸಿ ಸಿಕ್ಕಿಬಿದ್ದವರು ತಮ್ಮನ್ನು ರಕ್ಷಿಸಿದ ಖರ್ಚನ್ನು ತಾವೇ ಕೊಡಬೇಕು, 2,000 ಡಾಲರ್‌ವರೆಗೆ. ಜನ ಅದಕ್ಕೆ ಇಟ್ಟ ಅಡ್ಡಹೆಸರು ‘ದಡ್ಡ ಚಾಲಕರ ಕಾನೂನು’. ಹೆಸರು ಚೆನ್ನಾಗಿದೆ, ಆದರೆ ನಮ್ಮಲ್ಲಿ ಅದನ್ನು ತರುವ ಮೊದಲು ಅಡ್ಡಗಟ್ಟು ಗಾಳಿಗೆ ಬೀಳದಂತೆ ಇಡುವುದನ್ನು ಕಲಿಯಬೇಕು.

ಸಿಕ್ಕಿಬಿದ್ದವರು ಏನು ಮಾಡಬೇಕು? ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಜನರಿದ್ದ ಕಾರುಗಳನ್ನೇ ನೀರಿಗಿಳಿಸಿ ಇದನ್ನು ಪರೀಕ್ಷಿಸಿದವರು. ಅವರು ಹೇಳುವ ಕ್ರಮ ಚಿಕ್ಕದು: ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ನೀವೂ ಹೊರಬನ್ನಿ. ಇದಕ್ಕಿರುವ ಸಮಯ ಹೆಚ್ಚೆಂದರೆ ಒಂದು ನಿಮಿಷ. ಫೋನ್ ಮಾಡುವುದು ಆಮೇಲೆ. ಬಾಗಿಲು ನಂಬಬಾರದು. ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗೆ ಎರಡು ಅಡಿ ನೀರು ಒತ್ತಿ ನಿಂತರೆ ಅದರ ಭಾರ ಸುಮಾರು 180 ಕೆ.ಜಿ.; ಒಳಗೆ ಕುಳಿತ ಅಜ್ಜಿಯ ಮಾತಿರಲಿ, ಜಟ್ಟಿಗೂ ಅದು ಜಗ್ಗದು. ಕಿಟಕಿಯ ಮೋಟರು ನೀರು ತಾಗಿ ಸಾಯುವ ಮೊದಲೇ ಗಾಜು ಇಳಿದಿರಬೇಕು. ಒಡೆಯುವುದಾದರೆ ಪಕ್ಕದ ಗಾಜನ್ನು, ಮೂಲೆಯಲ್ಲಿ, ಚೂಪಾದ ಲೋಹದಿಂದ. ಮುಂದಿನ ಗಾಜು ಪದರು ಅಂಟಿಸಿದ್ದು, ಒಡೆದರೂ ದಾರಿ ಬಿಡುವುದಿಲ್ಲ. ಹೊರಬಂದವರು ಮಾಡಿನ ಮೇಲೇರಿ 112ಕ್ಕೆ ಕರೆ ಮಾಡಬಹುದು.

ಇಷ್ಟೆಲ್ಲ ಓದಿಕೊಂಡು ನೆನಪಿಟ್ಟು ಚಾಲನೆ ಮಾಡುವವರು ಎಷ್ಟು ಜನ? ಮಳೆ, ಕತ್ತಲು, ಹಿಂದಿನಿಂದ ಹಾರ್ನು, ಪಕ್ಕದಲ್ಲಿ ‘ಲಗೂನ ನಡೀರಿ’ ಎನ್ನುವ ಮನೆಯವರು. ಆ ಗಳಿಗೆಗೆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಕಣ್ಣಿಗೆ ಒಂದು ಗುರುತು ಬೇಕು. ಹಳ್ಳದ ನಡುವೆ ಕಲ್ಲಿತ್ತು, ಅದು ಹೋಯಿತು. ಅದರ ಜಾಗಕ್ಕೆ ನಾವು ಏನನ್ನೂ ಇಟ್ಟಿಲ್ಲ. ರೈಲ್ವೆ ಸೇತುವೆಗಳ ಕಂಬಕ್ಕೆ ನೀರಿನ ಮಟ್ಟದ ಗೆರೆ ಎಳೆದಿರುವುದನ್ನು ಖಾನಾಪುರದ ಜನ ರೈಲಿನ ಕಿಟಕಿಯಿಂದ ನೋಡುತ್ತಲೇ ಇದ್ದಾರೆ. ರೈಲಿಗೆ ಉಂಟು, ರಸ್ತೆಗಿಲ್ಲ.

ಆದ್ದರಿಂದ ಸಭೆಯಲ್ಲಿರುವ ಲೋಕೋಪಯೋಗಿ, ಪಾಲಿಕೆ, ಗ್ರಾಮ ಪಂಚಾಯಿತಿಯವರಲ್ಲಿ ಈ ಉಪನ್ಯಾಸಕಾರರ ಕೋರಿಕೆ ಒಂದೇ, ಅದೂ ಅಗ್ಗದ್ದು. ಮುಂದಿನ ಮಿರಗಕ್ಕೆ ಮೊದಲು ಹಾಲತ್ರಿ ಸೇತುವೆಯ ಎರಡೂ ತುದಿಗೆ, ನಗರದಲ್ಲಿ ನೀರು ನಿಲ್ಲುವ ಪ್ರತಿ ತಗ್ಗಿಗೆ, ಆಳು ಎತ್ತರದ ಕಂಬ ನೆಡಿಸಿ. ರಸ್ತೆಯ ಮಟ್ಟದಿಂದ ಒಂದು ಗೇಣಿನವರೆಗೆ ಬಿಳಿ, ಅದರ ಮೇಲೆ ಪೂರ್ತಿ ಕೆಂಪು ಬಣ್ಣ ಬಳಿಸಿ. ಬಿಳಿ ಕಾಣದಿದ್ದರೆ ಗಾಡಿ ಇಳಿಸಬಾರದು ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿ.